ಕರಡಿನಲ್ಲಿದ್ದದ್ದು, ಅಚ್ಚಿನಲ್ಲಿ ಬಂದದ್ದು

ನಾನು ಏನು ಕೆಲಸ ಮಾಡುತ್ತಿದ್ದೆ ಎಂಬುದು ನನ್ನ ಹೆಂಡತಿಗೇ ಸರಿಯಾಗಿ ಗೊತ್ತಿರಲಿಲ್ಲ. ಯಾರಾದರೂ ಕೇಳಿದರೆ “ಪುಸ್ತಕದ ಆಫೀಸಿನಾಗ ಅದಾರ್ರಿ” ಎನ್ನುತ್ತಿದ್ದಳು. ಕೇಳಿದವರು ನಾನು ಶಾಲೆಗಳಿಗೆ ಪಠ್ಯಪುಸ್ತಕ ಹಂಚುವವನೆಂದು ತಿಳಿದು, ಮಗನಿಗೆ ಏಳನೆಯ ತರಗತಿಯ ಗಣಿತ ಸಿಗುತ್ತದೆಯೇ ಎಂದು ಮನೆಗೆ ಬರುತ್ತಿದ್ದರು.

ನಮ್ಮದು ತಾಲ್ಲೂಕು ಕೈಪಿಡಿಗಳನ್ನು ಸಿದ್ಧಪಡಿಸುವ ಸಣ್ಣ ಕಚೇರಿ. ಒಂದು ಸೀಮೆಯ ನೆಲ, ಹವೆ, ಬೆಳೆ, ಜನ, ಆಡಳಿತ ಎಲ್ಲವನ್ನೂ ಒಂದು ಪುಸ್ತಕದಲ್ಲಿ ಬರೆದು ಅಚ್ಚು ಹಾಕಿಸುವುದು. ಹೊರಗಿನಿಂದ ಬಂದ ಅಧಿಕಾರಿ ಅದನ್ನು ಓದಿ ಇಲ್ಲಿಯ ವಿಷಯ ತಿಳಿಯಬೇಕು, ಪರೀಕ್ಷೆಗೆ ಕೂರುವ ಹುಡುಗರು ಬಾಯಿಪಾಠ ಮಾಡಬೇಕು. ನಾನು ಕ್ಷೇತ್ರ ಸಹಾಯಕ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಈ ಐದು ತಾಲ್ಲೂಕು ನನ್ನ ಪಾಲಿನವು. ಪ್ರತಿ ಕೈಪಿಡಿಯಲ್ಲೂ ಎರಡು ಅಧ್ಯಾಯ ನನ್ನವು: ಒಂದು ‘ಹವಾಮಾನ’, ಇನ್ನೊಂದು ‘ಸಾರ್ವಜನಿಕ ಜೀವನ’. ಸಾರ್ವಜನಿಕ ಜೀವನವೆಂದರೆ ರಾಜಕೀಯ. ಆ ಪದವನ್ನು ನಮ್ಮ ಕಚೇರಿಯಲ್ಲಿ ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಅಂತೂ ಮಳೆ ಮತ್ತು ಮತ, ಎರಡೂ ನನ್ನ ತಲೆಗೆ.

ಕೆಲಸಕ್ಕೆ ಸೇರಿದ ದಿನ ಕೈಗೆ ಒಂದು ಸುತ್ತೋಲೆ ಕೊಡುತ್ತಾರೆ. ‘ಬರವಣಿಗೆ ನಿಖರವಾಗಿಯೂ ತಟಸ್ಥವಾಗಿಯೂ ಇರತಕ್ಕದ್ದು.’ ಈಗ ಸೇರುತ್ತಿರುವ ನಿಮಗೂ ಅದನ್ನೇ ಕೊಟ್ಟಿದ್ದಾರೆಂದು ಕೇಳಿದೆ. ಆ ಒಂದು ಸಾಲನ್ನು ಇಟ್ಟುಕೊಂಡು ನಾನು ಮೂವತ್ತು ಚಿಲ್ಲರೆ ವರ್ಷ ಏನು ಮಾಡಿದೆ ಎಂಬುದನ್ನು ಇಲ್ಲಿ ಬರೆದಿದ್ದೇನೆ. ಬಡ್ತಿ, ಬೀಳ್ಕೊಡುಗೆ, ಶಾಲು, ಹಾರ ಇವನ್ನು ಬಿಟ್ಟಿದ್ದೇನೆ. ಅವು ಎಲ್ಲರದೂ ಒಂದೇ ತರಹ ಇರುತ್ತವೆ.

ಮೊದಲ ತಪ್ಪು ಕೂಡ್ಲಿಗಿ ತಾಲ್ಲೂಕಿನ ಗುಡೇಕೋಟೆಯದು. ಆಗ ಕರಡನ್ನು ಕೈಯಲ್ಲೇ ಬರೆಯುತ್ತಿದ್ದೆವು, ಕಾರ್ಬನ್ ಇಟ್ಟು ಮೂರು ಪ್ರತಿ. ನಾನು ಊರಿಗೆ ಹೋಗುವ ಮೊದಲೇ ಹಳೆಯ ಕೈಪಿಡಿಯೊಂದನ್ನು ನೋಡಿಕೊಂಡು ‘ಇಲ್ಲಿಯದು ಬರಡು ಗುಡ್ಡಗಳ ಪ್ರದೇಶ’ ಎಂದು ಬರೆದುಕೊಂಡಿದ್ದೆ. ಗುಡ್ಡದ ಬುಡದಲ್ಲಿ ಕುರಿ ಬಿಟ್ಟುಕೊಂಡು ಕೂತಿದ್ದ ಓಬಯ್ಯ ಎಂಬ ಹಿರಿಯರು, ಏನು ಬರೆದಿದ್ದೀರಿ, ಓದಿ ಹೇಳಿ ಎಂದರು. ಓದಿದೆ.

“ಬರಡು ಅಂದ್ರ ಏನ್ರಿ?”

“ಏನೂ ಬೆಳೆಯದ್ದು.”

“ನಮ್ಮ ಕಡಿಗೆ ಬರಡು ಅಂದ್ರ ಈಯದ ಕುರಿ. ಈ ಗುಡ್ಡ ಈಯಂಗಿಲ್ಲ ಅಂತ ನಿಮಗ ಯಾರು ಹೇಳಿದ್ರು? ಕಾರೆಹಣ್ಣು ಐತಿ, ಕವಳಿಹಣ್ಣು ಐತಿ, ಬಾರಿಹಣ್ಣು ಐತಿ, ಸೀತಾಫಲ ಐತಿ. ಹೌದಲ್ರಿ, ಇಲ್ಲಿ ಕರಡಿ ಅದಾವು, ಅವು ಏನ್ ಕಲ್ಲು ತಿಂದು ಬದುಕ್ಯಾವು?”

ನಾನು ನಕ್ಕೆ. ಅವರು ನಗಲಿಲ್ಲ. ಎದ್ದು ನನ್ನನ್ನು ಗುಡ್ಡದ ಮೇಲೆ ಕರೆದೊಯ್ದು ಒಂದೊಂದೇ ಗಿಡ ತೋರಿಸಿದರು. ಸಂಜೆ ಕಾಲು ತುಂಬ ಮುಳ್ಳು ಮಾಡಿಕೊಂಡು ಇಳಿದೆ. ‘ಬರಡು’ ಹೊಡೆದುಹಾಕಿ ‘ಕುರುಚಲು ಕಾಡಿನ ಗುಡ್ಡಗಳು’ ಎಂದು ತಿದ್ದಿ ಕಳಿಸಿದೆ. ಅಚ್ಚಾಗಿ ಬಂದಾಗ ‘ಬರಡು ಗುಡ್ಡಗಳು’ ಎಂದೇ ಇತ್ತು. ಹಿಂದಿನ ಆವೃತ್ತಿಯೊಂದಿಗೆ ಹೊಂದಿಕೆಯಾಗಲಿ ಎಂದು ಕಚೇರಿಯಲ್ಲಿ ಮತ್ತೆ ಹಾಗೆಯೇ ಮಾಡಿದ್ದರು. ನಿಖರತೆ ಎಂದರೆ ಹಿಂದಿನ ತಪ್ಪಿನೊಂದಿಗೆ ಹೊಂದಿಕೊಳ್ಳುವುದು ಎಂಬ ಪಾಠ ನನಗೆ ಅಲ್ಲಿಯೇ ಆಯಿತು. ಓಬಯ್ಯನವರಿಗೆ ಪುಸ್ತಕದ ಒಂದು ಪ್ರತಿ ಕೊಡುತ್ತೇನೆಂದು ಹೇಳಿ ಬಂದಿದ್ದೆ. ಕೊಡಲಿಲ್ಲ.

ಸಂಪಾದಕರಾಗಿ ವಿರೂಪಾಕ್ಷಯ್ಯನವರು ಬಂದದ್ದು ಆಮೇಲೆ. ನನ್ನ ಸೇವೆಯ ಬಹುಪಾಲು ಅವರ ಕೈಕೆಳಗೇ ಕಳೆಯಿತು. ಬೇರೆ ಸೀಮೆಯವರು. ಓದಿಕೊಂಡವರು, ಮೃದು ಮಾತಿನವರು, ಯಾರಿಗೂ ಗದರಿದವರಲ್ಲ. ಕೆಂಪು ಮಸಿಯ ಪೆನ್ನು ಸದಾ ಜೇಬಿನಲ್ಲಿ. ಅವರ ವಿಷಯದಲ್ಲಿ ಕೆಟ್ಟದ್ದು ಬರೆಯಬೇಕೆಂದರೆ ಇಂದಿಗೂ ಸಂಕೋಚವಾಗುತ್ತದೆ, ಏಕೆಂದರೆ ನನ್ನ ತಾಯಿ ತೀರಿಕೊಂಡಾಗ ಮೂರು ದಿನ ನಮ್ಮ ಮನೆಯಲ್ಲಿ ನೆಲದ ಮೇಲೆ ಕೂತು ಹೋದವರು ಅವರು.

ಹರಪನಹಳ್ಳಿಯ ಅಧ್ಯಾಯದಲ್ಲಿ ಒಂದು ಕ್ರಿಯಾಪದಕ್ಕೆ ನನಗೆ ಎರಡು ತಿಂಗಳು ಹಿಡಿಯಿತು. ಆ ತಾಲ್ಲೂಕು ಬಳ್ಳಾರಿ ಜಿಲ್ಲೆಯಲ್ಲಿತ್ತು, ದಾವಣಗೆರೆಗೆ ಹೋಯಿತು, ಮತ್ತೆ ಬಳ್ಳಾರಿಗೆ ಬಂತು, ಈಗ ವಿಜಯನಗರದಲ್ಲಿದೆ. ಬಳ್ಳಾರಿಗೆ ಬಂದದ್ದನ್ನು ನಾನು ‘ಮರಳಿತು’ ಎಂದು ಬರೆದೆ. ಕರಡನ್ನು ಊರಿನ ನಾಲ್ಕು ಜನಕ್ಕೆ ಓದಿ ತೋರಿಸುವ ಅಭ್ಯಾಸ ನನಗಿತ್ತು. ಬಸ್ ನಿಲ್ದಾಣದ ಹತ್ತಿರದ ಚಹಾದಂಗಡಿಯಲ್ಲಿ ಕೇಳಿದ ಬಟ್ಟೆ ವ್ಯಾಪಾರಿಯೊಬ್ಬರು ಲೋಟ ಕೆಳಗಿಟ್ಟರು. “ಮರಳಿತು ಅಂದ್ರೆ ಮನೆಗೆ ಬಂತು ಅಂತ ಅಲ್ವಾ ಸಾರ್? ನಮ್ಮ ಹುಡುಗರ ಕಾಲೇಜು ದಾವಣಗೆರೆ, ಆಸ್ಪತ್ರೆ ದಾವಣಗೆರೆ, ಬೀಗರು ದಾವಣಗೆರೆ. ನಾವು ಯಾವ ಮನೆಗೆ ಬಂದ್ವಿ?” ಹಾಗಾದರೆ ‘ಸೇರಿಸಲಾಯಿತು’ ಎಂದರೆ ಆದೀತೇ ಎಂದೆ. ಪಕ್ಕದ ಬೆಂಚಿನಿಂದ ಇನ್ನೊಬ್ಬರು ಎದ್ದರು. “ಹೆಂಗ್ ಆಗ್ತತಿ? ಬಳ್ಳಾರಿನ ಬೇಕು ಅಂತ ವರ್ಷಗಟ್ಲೆ ಬಿಸಿಲಾಗ ಕುಂತು ಧರಣಿ ಮಾಡೀವಿ. ಸೇರಿಸಲಾಯಿತು ಅಂದ್ರ ನಾವು ಏನ್ ಜೋಳದ ಚೀಲ ಏನ್ರಿ, ಯಾರೋ ಎತ್ತಿ ಇಡಾಕ?”

ಇಬ್ಬರದೂ ಸರಿ. ಕೊನೆಗೆ ನಾನು ಹೀಗೆ ಬರೆದೆ: ಇಂಥ ಆದೇಶದಿಂದ ಜಿಲ್ಲೆ ಬದಲಾಯಿತು, ಬೇಕೆಂದವರು ಈ ಕಾರಣ ಕೊಡುತ್ತಿದ್ದರು, ಬೇಡವೆಂದವರು ಈ ಕಾರಣ ಕೊಡುತ್ತಿದ್ದರು. ಒಬ್ಬೊಬ್ಬರಿಗೆ ಎರಡೆರಡು ವಾಕ್ಯ. ಬರೆದ ದಿನ ಬಹಳ ಸಂತೋಷವಾಗಿತ್ತು. ವಿರೂಪಾಕ್ಷಯ್ಯನವರು ಕೆಂಪು ಪೆನ್ನಿನಿಂದ ನಾಲ್ಕೂ ವಾಕ್ಯ ಹೊಡೆದು ‘ಜನತೆಯ ಬಹುದಿನಗಳ ಬೇಡಿಕೆ ಈಡೇರಿತು’ ಎಂದು ಬರೆದರು.

“ಸರ್, ಯಾವ ಜನತೆ?” ಎಂದೆ.

“ಕೊಟ್ರೇಶ್, ಪುಸ್ತಕ ಅಂದಮೇಲೆ ಅದು ಜಗಳ ಆಡಬಾರದು” ಎಂದರು.

ಇನ್ನೊಂದು ಇದಕ್ಕಿಂತ ಬಹಳ ಹಿಂದಿನದು, ಅದನ್ನು ಬರೆಯಲು ನನಗೆ ಕಷ್ಟ. ಊರಿನ ಹೆಸರು ಬೇಡ. ಅಲ್ಲಿಯ ಸರ್ಕಾರಿ ಆವರಣವೊಂದರಲ್ಲಿ ಮಳೆಮಾಪಕವಿತ್ತು. ದಿನಾ ಬೆಳಿಗ್ಗೆ ಅದರಲ್ಲಿ ಕೂಡಿದ ನೀರನ್ನು ಅಳೆದು ವಹಿಯಲ್ಲಿ ಬರೆಯುವ ಕೆಲಸ ದುರುಗಪ್ಪ ಎಂಬ ಜವಾನನದು. ಹವಾಮಾನದ ಅಧ್ಯಾಯಕ್ಕಾಗಿ ಹಳೆಯ ವಹಿಗಳನ್ನೆಲ್ಲ ತೆಗೆಸಿ ನೋಡುತ್ತ ಕೂತಾಗ ಒಂದು ವಿಚಿತ್ರ ಕಣ್ಣಿಗೆ ಬಿತ್ತು. ಆ ಊರಿನಲ್ಲಿ ಎಷ್ಟೋ ವರ್ಷಗಳಿಂದ ಭಾನುವಾರ ಮಳೆಯೇ ಬಂದಿಲ್ಲ. ಸೋಮವಾರಗಳಲ್ಲಿ ಮಾತ್ರ ಧಾರಾಳ.

ದುರುಗಪ್ಪನನ್ನು ಕರೆದು ಕೇಳಿದೆ. ಅವನು ಮುಚ್ಚಿಡಲಿಲ್ಲ.

“ಐತವಾರ ನಾ ಇಲ್ಲಿ ಇರಂಗಿಲ್ರಿ. ನಮ್ಮ ಆಫೀಸಿನ ಸಾಹೇಬ್ರ ಮನಿಗೆ ಹೋಗ್ತೀನಿ. ನೀರು ತುಂಬಬೇಕು, ಬಟ್ಟಿ ಇಸ್ತ್ರಿ ಮಾಡಿಸಬೇಕು, ಅವರ ತಾಯಾರನ್ನ ಗುಡಿಗೆ ಕರ್ಕೊಂಡು ಹೋಗಬೇಕು. ಸೋಮವಾರ ಬಂದು ಎರಡು ದಿನದ್ದು ಕೂಡಿಸಿ ಬರೀತೀನಿ.”

ನಾನು ಟಿಪ್ಪಣಿ ಬರೆದೆ: ‘ಭಾನುವಾರಗಳಂದು ವೀಕ್ಷಕರು ಗೈರುಹಾಜರಾಗಿರುವುದರಿಂದ ದೈನಿಕ ಅಂಕಿಗಳು ವಿಶ್ವಾಸಾರ್ಹವಲ್ಲ.’ ಪ್ರತಿ ಅಕ್ಷರವೂ ನಿಜ. ಅವನು ಎಲ್ಲಿ ಹೋಗುತ್ತಿದ್ದ, ಯಾರು ಕಳಿಸುತ್ತಿದ್ದರು ಎಂಬುದನ್ನು ಬರೆಯಲಿಲ್ಲ. ಅದು ಹವಾಮಾನದ ಅಧ್ಯಾಯದ ವಿಷಯವಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಆ ಟಿಪ್ಪಣಿ ಪುಸ್ತಕದಲ್ಲಿ ಬರಲಿಲ್ಲ. ಆದರೆ ಕಡತದೊಳಗೆ ಸೇರಿ, ಮೇಲಿನವರ ಕೈಗೆ ಹೋಗಿ, ಅಲ್ಲಿಂದ ಕೆಳಗಿಳಿದು ಬಂದು ದುರುಗಪ್ಪನಿಗೆ ನೋಟೀಸಾಯಿತು. ಅದಕ್ಕೆ ಉತ್ತರ ಬರೆಸುವ ತಾಕತ್ತು ಅವನಿಗೆಲ್ಲಿಯದು? ಹೆಂಡತಿ ಮಕ್ಕಳಿದ್ದ ಊರಿನಿಂದ ಅವನನ್ನು ದೂರಕ್ಕೆ ಹಾಕಿದರು. ಸಾಹೇಬರು ಅಲ್ಲಿಯೇ ಉಳಿದರು. ಅವರ ಮನೆಗೆ ನೀರು ತುಂಬಲು ಬೇರೊಬ್ಬ ಬಂದ.

ವರ್ಷದ ಮೇಲೆ ಹಗರಿಬೊಮ್ಮನಹಳ್ಳಿಯ ಬಸ್ ನಿಲ್ದಾಣದಲ್ಲಿ ದುರುಗಪ್ಪ ಸಿಕ್ಕ. ನಾನು ತಂಬ್ರಹಳ್ಳಿಗೆ ಹೋಗುವವನಿದ್ದೆ. ಮುಖ ತಿರುಗಿಸಿಕೊಳ್ಳಬೇಕೆಂದಿದ್ದೆ, ಅವನೇ ಬಂದು ನಮಸ್ಕಾರ ಮಾಡಿದ. ಬೈದಿದ್ದರೆ ಚೆನ್ನಾಗಿತ್ತು.

“ನೀವು ಸುಳ್ಳು ಬರದಿಲ್ಲ ಬಿಡ್ರಿ ಸಾಹೇಬ್ರ” ಎಂದ. “ನಾ ಎಲ್ಲಿಗೆ ಹೋಗ್ತಿದ್ದೆ ಅನ್ನೋದು ಒಂದು ಬರೀಬೇಕಿತ್ತು. ನಾ ಹೇಳಿದ್ದೆನಲ್ಲ.”

ಅವನ ಬಸ್ಸು ಬಂತು. ಹತ್ತಿ ಹೋದ.

ಅಷ್ಟರಲ್ಲಿ ಕೆಲಸದ ರೀತಿ ಬದಲಾಗಿತ್ತು. ಕಾರ್ಬನ್ ಹೋಗಿ ಕಂಪ್ಯೂಟರ್ ಬಂತು. ತಾನೇ ಅಳೆದು ತಾನೇ ಕಳಿಸುವ ಮಳೆಯಂತ್ರಗಳು ಬಂದವು. ಅವಕ್ಕೆ ಭಾನುವಾರವಿಲ್ಲ, ಸಾಹೇಬರ ಮನೆಯೂ ಇಲ್ಲ. ಆ ಮಟ್ಟಿಗೆ ಒಳ್ಳೆಯದೇ ಆಯಿತು. ಆದರೆ ಊರಿಗೆ ಹೋಗುವುದೂ ನಿಂತಿತು. ಕುರ್ಚಿಯಲ್ಲಿ ಕೂತು ಅಂತರ್ಜಾಲದಿಂದ ಎತ್ತಿಕೊಂಡರೆ ಅಧ್ಯಾಯ ಸಿದ್ಧ. ಒಮ್ಮೆ ಸಹೋದ್ಯೋಗಿಯೊಬ್ಬರ ಹೊಸ ಕರಡಿನಲ್ಲಿ ‘ಬರಡು ಗುಡ್ಡಗಳು’ ಮತ್ತೆ ಕಾಣಿಸಿತು. ಎಲ್ಲಿಂದ ತಂದಿರಿ ಎಂದು ಕೇಳಿದರೆ, ಯಾವುದೋ ಜಾಲತಾಣ. ಆ ಜಾಲತಾಣ ಎಲ್ಲಿಂದ ತಂದಿತ್ತು? ನಮ್ಮ ಪುಸ್ತಕದಿಂದ. ನೀವು ಮಾಡುವ ತಪ್ಪು ನಿಮಗೇ ಆಧಾರವಾಗಿ ತಿರುಗಿ ಬರುತ್ತದೆ. ಅಡಿಟಿಪ್ಪಣಿಯ ಸಮೇತ ಬರುತ್ತದೆ.

ಇಷ್ಟೆಲ್ಲ ಕಂಡವನಿಗೆ ಬುದ್ಧಿ ಬಂದಿರಬೇಕಿತ್ತು. ಬಂದಿರಲಿಲ್ಲ ಎಂಬುದನ್ನು ಹೇಳುವುದಕ್ಕೇ ಈ ಬರಹ.

ನಿವೃತ್ತಿಗೆ ಕೆಲವು ವರ್ಷ ಉಳಿದಿದ್ದಾಗ ಹಡಗಲಿ ಕಡೆಯ ಒಂದು ಹಳ್ಳಿಗೆ ಹೋದೆ. ಆ ಊರಿನ ಗ್ರಾಮ ಪಂಚಾಯಿತಿ ಸ್ಥಾನಗಳಿಗೆ ಬಹಳ ಕಾಲದಿಂದ ಮತದಾನವೇ ನಡೆದಿರಲಿಲ್ಲ. ಎಲ್ಲರೂ ಅವಿರೋಧ ಆಯ್ಕೆ. ಹಿರಿಯರು ಕಟ್ಟೆಯ ಮೇಲೆ ಕೂರಿಸಿ ಚಹಾ ಕುಡಿಸಿ, ಇದನ್ನು ಚೆನ್ನಾಗಿ ಬರೆಯಿರಿ ಎಂದರು. ಬರೆದುಕೊಂಡೆ. ಹೊರಡುವಾಗ ಕುರಿಗಳನ್ನು ಹೊಡೆದುಕೊಂಡು ಬರುತ್ತಿದ್ದ ಹೆಂಗಸೊಬ್ಬಳು ದಾರಿಯಲ್ಲಿ ನಿಲ್ಲಿಸಿದಳು. ನಲವತ್ತರ ಆಸುಪಾಸು. ಹೆಸರು ಮೈಲಮ್ಮ.

“ಊರ ಬಗ್ಗೆ ಬರಿಯೋರು ನೀವಾ? ನಾ ಹೇಳೋದೂ ಬರ್ಕೋರಿ.”

ಕಳೆದ ಸಲ ಅವಳು ನಾಮಪತ್ರ ಹಾಕಿದ್ದಳು. ನೀರಿನ ಕೊಳಾಯಿ ತಮ್ಮ ಓಣಿಗೆ ಬರಲಿಲ್ಲವೆಂಬ ಸಿಟ್ಟಿಗೆ.

“ಹಾಕಿದ ಮರುದಿನ ಹತ್ತು ಮಂದಿ ಬಂದು ಪಡಸಾಲಿಯಾಗ ಕುಂತ್ರು. ‘ನಿನ್ನ ಕುರಿ ಎಲ್ಲಿ ಮೇಯ್ತಾವು, ಎಲ್ಲಿ ನೀರು ಕುಡಿತಾವು, ಒಂದೀಟು ವಿಚಾರ ಮಾಡವ್ವ’ ಅಂದ್ರು. ಅಷ್ಟ. ಚಾ ಕುಡದು ಹೋದ್ರು. ಮುಂಜಾನಿ ನನ್ನ ಗಂಡ ಗಾಡಿ ಮ್ಯಾಲೆ ಕುಂದ್ರಿಸ್ಕೊಂಡು ಹೋಗಿ, ವಾಪಸ್ ತಗೊಳ್ಳೋ ಕಾಗದಕ್ಕ ಹೆಬ್ಬಟ್ಟು ಒತ್ತಿಸಿದ.”

ನಾನು ಬರೆದುಕೊಂಡೆ. ಅವಳು ಓದಿಸಿ ಕೇಳಿದಳು. ಬರೆಯುವ ಭರದಲ್ಲಿ ‘ಬೆದರಿಕೆ, ಹಲ್ಲೆ’ ಎಂದು ಸೇರಿಸಿಬಿಟ್ಟಿದ್ದೆ.

“ಹಲ್ಲೆ ಅಂದ್ರ ಹೊಡದದ್ದಲ್ಲ? ಅದನ್ನ ತಗೀರಿ. ಯಾರೂ ಹೊಡಿಲಿಲ್ಲ. ಹೊಡದ್ರು ಅಂತ ಬರದ್ರ ಸುಳ್ಳಾಕ್ಕೈತಿ. ಬೈಲಿಲ್ಲ ಅಂತನೂ ಬರ್ರಿ.”

ಮೂವತ್ತು ವರ್ಷದಲ್ಲಿ ನನ್ನ ಬರಹವನ್ನು ನಿಖರತೆಗಾಗಿ ತಿದ್ದಿದವರು ಇಬ್ಬರೇ. ಇಬ್ಬರೂ ಕುರಿ ಕಾಯುವವರು.

ಕರಡಿನಲ್ಲಿ ಹೀಗೆ ಬರೆದೆ: ‘ಆಯ್ಕೆ ಅವಿರೋಧವಾಗಿ ನಡೆಯಿತು. ನಾಮಪತ್ರ ಸಲ್ಲಿಸಿದ್ದ ಮಹಿಳೆಯೊಬ್ಬರು, ಊರ ಕೆಲವರು ಮನೆಗೆ ಬಂದು ಕುರಿಗಳ ಮೇವು ನೀರಿನ ಮಾತೆತ್ತಿದ್ದರಿಂದ ಅದನ್ನು ಹಿಂಪಡೆದುದಾಗಿ ತಿಳಿಸಿದರು. ಊರ ಹಿರಿಯರು ಇದನ್ನು ಒಮ್ಮತದ ಸಂಪ್ರದಾಯವೆನ್ನುತ್ತಾರೆ.’ ವಿರೂಪಾಕ್ಷಯ್ಯನವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಇದು ಆರೋಪ. ನಾವು ತಟಸ್ಥರು.”

“ಎರಡೂ ಕಡೆಯವರು ಹೇಳಿದ್ದನ್ನು ಹಾಕಿದ್ದೇನೆ ಸರ್.”

“ಒಂದು ಕಡೆ ಊರು, ಇನ್ನೊಂದು ಕಡೆ ಒಬ್ಬ ಹೆಂಗಸು. ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡುವುದು ತಟಸ್ಥತೆಯೇ?”

ಬೇಡವೆಂದರೆ ಎರಡನ್ನೂ ತೆಗೆಯೋಣ, ‘ಅವಿರೋಧ ಆಯ್ಕೆ ನಡೆಯಿತು’ ಎಂದಷ್ಟೇ ಇರಲಿ ಎಂದು ಹೇಳಿದವನು ನಾನೇ. ಅವರು ಒಪ್ಪಿದರು. ಮೈಲಮ್ಮನನ್ನು ಮೊದಲು ಹೊಡೆದುಹಾಕಿದ ಪೆನ್ನು ನನ್ನದು, ಕೆಂಪು ಮಸಿಯದಲ್ಲ. ತಿಂಗಳ ನಂತರ ಅಚ್ಚಿನ ಮನೆಯಿಂದ ಪ್ರೂಫ್ ಬಂತು. ಆ ವಾಕ್ಯ ಬೆಳೆದಿತ್ತು: ‘ಈ ಗ್ರಾಮದಲ್ಲಿ ಆಯ್ಕೆಗಳು ಸದಾ ಸೌಹಾರ್ದಯುತವಾಗಿ ಅವಿರೋಧವಾಗಿ ನಡೆಯುತ್ತಿದ್ದು, ಇದು ಮಾದರಿಯಾಗಿದೆ.’ ಓದಿದೆ. ಮಧ್ಯಾಹ್ನ ಊಟದ ಹೊತ್ತು. ಅಚ್ಚಿನ ಮನೆಯವನು ಬಾಗಿಲಲ್ಲಿ ಕಾಯುತ್ತಿದ್ದ. ‘ನೋಡಿದೆ, ಸರಿ ಇದೆ’ ಎಂದು ಬರೆದು ಸಹಿ ಹಾಕಿದೆ. ಯಾರ ಭಯವೂ ಇರಲಿಲ್ಲ. ದಣಿವಾಗಿತ್ತು, ಹಸಿವಾಗಿತ್ತು. ಭಯದಿಂದ ಹಾಕಿದೆ ಎಂದು ಬರೆದರೆ ನನಗೆ ಸ್ವಲ್ಪ ಮರ್ಯಾದೆ ಉಳಿಯುತ್ತದೆ, ಆದರೆ ಅದು ನಿಜವಲ್ಲ.

ಮತ್ತೆ ಪಂಚಾಯಿತಿ ಚುನಾವಣೆ ಬಂತು. ನನಗೆ ಇನ್ನು ಕೆಲವೇ ತಿಂಗಳ ಸೇವೆ. ಒಂದು ಬೆಳಿಗ್ಗೆ ಮೈಲಮ್ಮ ಕೊಟ್ಟೂರಿನ ನಮ್ಮ ಮನೆ ಹುಡುಕಿಕೊಂಡು ಬಂದಳು. ಕೈಚೀಲದಲ್ಲಿ ನಮ್ಮ ಕೈಪಿಡಿ.

“ನಾ ಮತ್ತ ಅರ್ಜಿ ಹಾಕೀನ್ರಿ. ಕಟ್ಟಿ ಮ್ಯಾಲೆ ಕುಂತು ಇದನ್ನ ಓದಿದ್ರು. ಸರ್ಕಾರದ ಪುಸ್ತಕದಾಗ ನಮ್ಮೂರ ಹೆಸರು ಬಂದೈತಿ, ಅದನ್ನ ಕೆಡಸಾಕ ನಿಂತಾಳ ಈಕಿ ಅಂತಾರ. ಇದರಾಗ ಏನ್ ಬರದೈತಿ, ನೀವ ಒಮ್ಮಿ ಓದ್ರಿ.”

ಓದಿದೆ. ನನ್ನ ಸೇವೆಯಲ್ಲಿ ಓದಲು ಅಷ್ಟು ಕಷ್ಟವಾದ ವಾಕ್ಯ ಇನ್ನೊಂದಿಲ್ಲ.

“ನಾ ಹೇಳಿದ್ದು ಎಲ್ಲೈತಿ?”

“ಅದು ಬರಲಿಲ್ಲಮ್ಮ. ಸಂಪಾದಕ ಮಂಡಳಿಯವರು...”

“ಸೌಹಾರ್ದ ಅಂದ್ರ ಏನ್ರಿ?”

“ಎಲ್ಲರೂ ಪ್ರೀತಿಯಿಂದ ಇರೋದು.”

ಅವಳು ಪುಸ್ತಕವನ್ನು ನನ್ನ ಕೈಯಿಂದ ತೆಗೆದುಕೊಂಡು ಮುಚ್ಚಿದಳು. ಆಮೇಲೆ, “ಆವತ್ತು ನಿಮ್ಮ ಮುಂದ ನಾ ಏನ್ ಹೇಳಿದ್ನಲ್ಲ, ಅದನ್ನ ಒಂದು ಹಾಳಿ ಮ್ಯಾಲೆ ಬರದು ಸಹಿ ಹಾಕಿ ಕೊಡ್ರಿ. ಕಟ್ಟಿ ಮ್ಯಾಲೆ ಅದನ್ನೂ ಓದಸ್ತೀನಿ. ಪುಸ್ತಕ ಬರದೋರೇ ಕೊಟ್ಟಾರ ಅಂದ್ರ ನಂಬ್ತಾರ” ಎಂದಳು.

ನಾನು ನಿಯಮ ಹೇಳಿದೆ. ಸೇವೆಯಲ್ಲಿರುವಾಗ ಕಚೇರಿಯ ಪ್ರಕಟಣೆಗೆ ವಿರುದ್ಧವಾಗಿ ಬರೆದುಕೊಡುವಂತಿಲ್ಲ, ಅದರಲ್ಲೂ ಚುನಾವಣೆ ಸಮಯದಲ್ಲಿ ನಾವು ತಟಸ್ಥವಾಗಿರಬೇಕು. ಆ ನಿಯಮ ಇರುವುದು ನಿಜ. ಹೆಂಡತಿ ಒಳಗಿನಿಂದ ಮಂಡಕ್ಕಿ, ಚಹಾ ತಂದಿಟ್ಟಳು. ಮೈಲಮ್ಮ ಮುಟ್ಟಲಿಲ್ಲ. ಪುಸ್ತಕವನ್ನು ಚೀಲಕ್ಕೆ ಹಾಕಿಕೊಂಡು, “ಬರ್ತೀನ್ರಿ” ಎಂದು ಎದ್ದುಹೋದಳು.

ಅವಳು ನಾಮಪತ್ರ ಹಿಂಪಡೆಯಲಿಲ್ಲ. ಆ ಊರಿನಲ್ಲಿ ಮತದಾನ ನಡೆಯಿತು. ಅವಳು ಸೋತಳು.

ನಿವೃತ್ತನಾದ ಮೇಲೆ ಕಚೇರಿಗೆ ಪತ್ರ ಬರೆದೆ: ಆ ವಾಕ್ಯ ತಪ್ಪು, ಮುಂದಿನ ಆವೃತ್ತಿಯಲ್ಲಿ ತಿದ್ದಿ. ಉತ್ತರ ಬಂತು: ‘ತಮ್ಮ ಹೇಳಿಕೆಗೆ ಪೂರಕ ದಾಖಲೆ ಒದಗಿಸುವುದು.’ ದಾಖಲೆ ಎಂದರೆ ನನ್ನ ಕ್ಷೇತ್ರ ಟಿಪ್ಪಣಿ ಪುಸ್ತಕ. ನಿವೃತ್ತಿಯ ದಿನ ಕಚೇರಿಗೇ ಒಪ್ಪಿಸಿ ಬಂದಿದ್ದೆ. ಹೋಗಿ ಕೇಳಿದರೆ, ಹಳೆಯ ಕಾಗದಗಳ ಜೊತೆ ರದ್ದಿಗೆ ಹೋಗಿದೆ ಎಂದರು. ಹೊಸ ಆವೃತ್ತಿ ಬಂದಿದೆ. ವಾಕ್ಯ ಹಾಗೆಯೇ ಇದೆ. ಮತದಾನ ನಡೆದ ಮೇಲೂ ‘ಸದಾ ಅವಿರೋಧವಾಗಿ’ ಎಂದೇ ಇದೆ.

ಹೋದ ಬೇಸಿಗೆಯಲ್ಲಿ ಒಂದು ಹಾಳೆಯ ಮೇಲೆ ಎಲ್ಲವನ್ನೂ ಬರೆದೆ. ಅವಳು ಹೇಳಿದ ಹಾಗೆಯೇ: ಹತ್ತು ಮಂದಿ ಬಂದದ್ದು, ಬೈಯದೆ ಇದ್ದದ್ದು, ಹೊಡೆಯದೆ ಇದ್ದದ್ದು, ಕುರಿಯ ಮಾತು, ಹೆಬ್ಬೆಟ್ಟು. ಕೆಳಗೆ ಹೆಸರು, ಹುದ್ದೆ, ಸಹಿ. ಬಸ್ಸು ಹಿಡಿದು ಅವಳ ಊರಿಗೆ ಹೋದೆ. ಮೈಲಮ್ಮ ಅಂಗಳದಲ್ಲಿ ಕುರಿಯೊಂದರ ಕಾಲಿಗೆ ಅರಿಶಿಣ ಕಟ್ಟುತ್ತಿದ್ದಳು. ದೊಡ್ಡಿಯಲ್ಲಿ ಕುರಿ ಕಡಿಮೆ ಕಂಡವು. ಕೇಳಿದೆ.

“ಸೋತ ಮ್ಯಾಲೆ ಆ ವರ್ಷ ಕೆರಿ ಕಡಿಗೆ ಬಿಡಲಿಲ್ರಿ. ದೂರ ಹೊಡ್ಕೊಂಡು ಹೋಗಿ ಹೋಗಿ ಸಾಕಾತು. ಅರ್ಧ ಮಾರಿದ್ವಿ.”

ಹಾಳೆ ತೆಗೆದು ಓದಿದೆ. ಪೂರ್ತಿ ಕೇಳಿದಳು. ಎಲ್ಲಿಯೂ ತಿದ್ದಲಿಲ್ಲ.

“ಎಲ್ಲಾ ಖರೇ ಐತಿ” ಎಂದಳು. “ಇಷ್ಟು ಬರ್ಯಾಕ ನಿಮಗ ಎಷ್ಟೊತ್ತು ಹಿಡೀತ್ರಿ?”

“ಹತ್ತು ನಿಮಿಷ” ಎಂದೆ.

ಅವಳು ಕುರಿಯ ಕಾಲಿನ ಬಟ್ಟೆಯ ಗಂಟು ಬಿಗಿದು, ಕೈ ಒರೆಸಿಕೊಂಡು, ಹಾಳೆಯನ್ನು ನನ್ನ ಕೈಯಿಂದ ತೆಗೆದುಕೊಳ್ಳದೆ ಒಳಗೆ ಹೋದಳು. ನನಗೆ ಕುಡಿಯಲು ನೀರು ತಂದುಕೊಟ್ಟಳು.